ಎಣಿಕೆಯ ದನಿ

ಕಳೆದ ಕೆಲವು ತಿಂಗಳುಗಳಿಂದ, ರಾತ್ರಿ ಊಟ ಮುಗಿದು ಮನೆಯವರೆಲ್ಲ ಮಲಗಿದ ಮೇಲೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಅವರ ದೂರವಾಣಿ ಸಂಭಾಷಣೆಗಳನ್ನು ಕೇಳುತ್ತಿದ್ದೇನೆ. ಮೊದಲ ವಾರ ಅರ್ಧಕ್ಕರ್ಧ ಮಾತು ಕಿವಿಗೆ ಹತ್ತಲಿಲ್ಲ. ಟೆಕ್ಸಸ್ಸಿನ ಆ ಎಳೆದಾಡುವ ಉಚ್ಚಾರಣೆ, ಮಾತಿನ ನಡುವೆ ಏನನ್ನೋ ಜಗಿಯುವ ಸದ್ದು, ತಂತಿಯ ಗುಂಯ್‌ಗುಡುವಿಕೆ ಎಲ್ಲವೂ ಸೇರಿ, ಬೇರೆ ಊರಿನ ಬಸ್ ನಿಲ್ದಾಣದಲ್ಲಿ ಘೋಷಣೆ ಕೇಳಿಸಿಕೊಂಡಂತೆ ಆಗುತ್ತಿತ್ತು. ಆಮೇಲೆ ಬರಹಕ್ಕಿಳಿಸಿದ ಪಠ್ಯವನ್ನು ಎದುರಿಗಿಟ್ಟುಕೊಂಡು ಕೇಳತೊಡಗಿದೆ. ನಿಧಾನವಾಗಿ ಆ ದನಿ ಪರಿಚಯವಾಯಿತು. ಅದು ಎಲ್ಲಿ ತಗ್ಗುತ್ತದೆ, ಎಲ್ಲಿ ಬೆಣ್ಣೆ ಹಚ್ಚುತ್ತದೆ, ಎಲ್ಲಿ ಇದ್ದಕ್ಕಿದ್ದಂತೆ ಲೆಕ್ಕ ಕೇಳುತ್ತದೆ ಎಂಬುದು ಈಗ ನನಗೆ ಸ್ವಲ್ಪಮಟ್ಟಿಗೆ ತಿಳಿಯುತ್ತದೆ.

ನಾನು ಕೇಳಲು ಕುಳಿತದ್ದು ಒಂದೇ ಒಂದು ಮಸೂದೆಯ ಜಾಡು ಹಿಡಿದು. ಅಪಲೇಚಿಯಾ ಎಂಬ ಬೆಟ್ಟಗಾಡು ಪ್ರದೇಶಕ್ಕೆ ಒಕ್ಕೂಟ ಸರ್ಕಾರದ ನೆರವು ಕೊಡುವ ಆ ಮಸೂದೆ 1964ರಲ್ಲಿ ಸಂಸತ್ತಿಗೆ ಬಂದು, ಆ ವರ್ಷ ಪಾಸಾಗದೆ, ಮರುವರ್ಷ ಗೆದ್ದು, 1965ರ ಮಾರ್ಚ್ 9ರಂದು ಕಾನೂನಾಯಿತು. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ ಬೆಳೆದ ನನಗೆ ಅದರ ಮೇಲೇಕೆ ಇಷ್ಟು ಆಸಕ್ತಿ ಎಂದು ಗೆಳೆಯರು ಕೇಳುತ್ತಾರೆ. ‘ಹಿಂದುಳಿದ ಪ್ರದೇಶ’ ಎಂಬ ಪದವನ್ನು ಬಾಲ್ಯದಿಂದ ನಮ್ಮ ಊರಿನ ಹೆಸರಿನ ಜೊತೆಗೇ ಕೇಳಿಕೊಂಡು ಬಂದವನು ನಾನು. ಅಂಥ ಪ್ರದೇಶಕ್ಕೆ ನೆರವು ಕೊಡಬೇಕೆಂದು ಅಧಿಕಾರದಲ್ಲಿರುವವರು ತೀರ್ಮಾನಿಸುವಾಗ ಮುಚ್ಚಿದ ಬಾಗಿಲ ಹಿಂದೆ ಏನು ಮಾತನಾಡಿಕೊಳ್ಳುತ್ತಾರೆ ಎಂಬುದನ್ನು ಜೀವಮಾನದಲ್ಲಿ ಒಮ್ಮೆಯಾದರೂ ಕಿವಿಯಾರೆ ಕೇಳಬೇಕೆಂಬ ಆಸೆ ನನ್ನಲ್ಲಿತ್ತು. ಅದು ನಮ್ಮಲ್ಲಿ ಸಿಗುವುದಿಲ್ಲ. ಅಲ್ಲಿ ಸಿಗುತ್ತದೆ.

ಅಪಲೇಚಿಯಾ ಎಂದರೆ ಅಮೆರಿಕದ ಪೂರ್ವಭಾಗದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹಬ್ಬಿದ ಬೆಟ್ಟಸಾಲು ಮತ್ತು ಅದರ ಇಳಿಜಾರುಗಳು. ಪೆನ್ಸಿಲ್ವೇನಿಯಾ, ಓಹಾಯೊ, ಕೆಂಟಕಿ, ವರ್ಜೀನಿಯಾ, ಟೆನೆಸ್ಸೀ, ಅಲಬಾಮಾ ಹೀಗೆ ಹಲವು ರಾಜ್ಯಗಳ ಒಂದೊಂದು ಭಾಗ ಅದಕ್ಕೆ ಸೇರುತ್ತದೆ. ವೆಸ್ಟ್ ವರ್ಜೀನಿಯಾ ಮಾತ್ರ ಇಡಿಯಾಗಿ ಅದರೊಳಗಿದೆ. ನೆಲದಡಿಯಲ್ಲಿ ಹೇರಳ ಕಲ್ಲಿದ್ದಲು, ನೆಲದ ಮೇಲೆ ದಟ್ಟ ಕಾಡು. ಇಷ್ಟಿದ್ದೂ 1950ರ ದಶಕದಲ್ಲಿ ಗಣಿಗಳಿಗೆ ಯಂತ್ರಗಳು ಬಂದಾಗ ಲಕ್ಷಾಂತರ ಜನರ ಕೂಲಿ ಕೈಬಿಟ್ಟಿತು, ಜನ ಗುಂಪುಗುಂಪಾಗಿ ಉತ್ತರದ ಕಾರ್ಖಾನೆ ನಗರಗಳಿಗೆ ಗುಳೆ ಹೋದರು. ಗುಳೆ ಎಂಬ ಪದವನ್ನು ನಾನು ತಿಳಿದೇ ಬಳಸುತ್ತಿದ್ದೇನೆ, ಅದಕ್ಕಿಂತ ಸರಿಯಾದ ಪದ ನನ್ನಲ್ಲಿಲ್ಲ. ಊರಿನ ಪಕ್ಕದಲ್ಲೇ ಶಕ್ತಿನಗರದ ವಿದ್ಯುತ್ ಸ್ಥಾವರವನ್ನೂ ಹಟ್ಟಿಯ ಚಿನ್ನದ ಗಣಿಯನ್ನೂ ಇಟ್ಟುಕೊಂಡು ಪುಣೆಗೋ ಬೆಂಗಳೂರಿಗೋ ಕಲ್ಲು ಹೊರಲು ಹೊರಡುವ ಕುಟುಂಬಗಳನ್ನು ನೋಡಿದವರಿಗೆ, ದೀಪದ ಬುಡದಲ್ಲೇ ಕತ್ತಲು ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

1960ರಲ್ಲಿ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ವೆಸ್ಟ್ ವರ್ಜೀನಿಯಾದ ಪ್ರಾಥಮಿಕ ಚುನಾವಣೆಗೆ ಪ್ರಚಾರ ಮಾಡಲು ಹೋದ ಜಾನ್ ಕೆನಡಿ ಅಲ್ಲಿನ ಬಡತನವನ್ನು ಕಣ್ಣಾರೆ ಕಂಡರು. ಅಧ್ಯಕ್ಷರಾದ ಮೇಲೆ, 1963ರ ವಸಂತದಲ್ಲಿ ಪ್ರವಾಹವೊಂದು ಆ ಕಣಿವೆಗಳನ್ನು ಕೊಚ್ಚಿ ಹಾಕಿದ ಬೆನ್ನಿಗೇ, ಅಪಲೇಚಿಯಾಕ್ಕೆಂದು ಒಂದು ಆಯೋಗವನ್ನು ನೇಮಿಸಿ, ಫ್ರಾಂಕ್ಲಿನ್ ರೂಸ್ವೆಲ್ಟ್ ಅವರ ಮಗ ಕಿರಿಯ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರನ್ನು ಅದರ ಅಧ್ಯಕ್ಷರನ್ನಾಗಿ ಮಾಡಿದರು. ವರದಿ ಸಿದ್ಧವಾಗುವ ಹೊತ್ತಿಗೆ ಕೆನಡಿ ಇರಲಿಲ್ಲ. ಅದು ಬಂದು ಬಿದ್ದದ್ದು ಜಾನ್ಸನ್ ಅವರ ಮೇಜಿನ ಮೇಲೆ.

ಜಾನ್ಸನ್ ಅವರ ಬಗ್ಗೆ ಇಲ್ಲಿ ಒಂದು ಸಂಗತಿ ಹೇಳಬೇಕು, ಏಕೆಂದರೆ ಅದಿಲ್ಲದೆ ಆ ಕರೆಗಳು ಪೂರ್ತಿ ಅರ್ಥವಾಗುವುದಿಲ್ಲ. ಅವರು ಹುಟ್ಟಿ ಬೆಳೆದ ಟೆಕ್ಸಸ್ಸಿನ ಬೆಟ್ಟ ಸೀಮೆಯೂ ಬಡ ಸೀಮೆಯೇ. 1930ರ ದಶಕದಲ್ಲಿ ಗ್ರಾಮೀಣ ವಿದ್ಯುದೀಕರಣದ ಯೋಜನೆ ಬಂದಾಗ, ಒಂದು ಮೈಲಿ ತಂತಿಗೆ ಇಂತಿಷ್ಟು ಗ್ರಾಹಕರಾದರೂ ಇರಬೇಕೆಂಬ ನಿಯಮದಿಂದಾಗಿ, ಮನೆಗಳು ದೂರ ದೂರ ಚದುರಿದ್ದ ಆ ಸೀಮೆಗೆ ಸಾಲ ಮಂಜೂರಾಗಲಿಲ್ಲ. ಆಗಷ್ಟೇ ಪ್ರತಿನಿಧಿ ಸಭೆಗೆ ಆಯ್ಕೆಯಾಗಿದ್ದ ಯುವಕ ಜಾನ್ಸನ್ ನೇರವಾಗಿ ಅಧ್ಯಕ್ಷ ರೂಸ್ವೆಲ್ಟ್ ಅವರ ಹತ್ತಿರ ಹೋಗಿ ಕಾಡಿ ಬೇಡಿ ಆ ನಿಯಮದಿಂದ ವಿನಾಯಿತಿ ತಂದರು. 1939ರಲ್ಲಿ ಆ ಮನೆಗಳಲ್ಲಿ ಬಲ್ಬು ಉರಿಯಿತು. ಅಂದರೆ ನಿಯಮವೆಂಬುದು ಯಾವ ದುರುದ್ದೇಶವೂ ಇಲ್ಲದೆ, ಬರೀ ಸರಾಸರಿಯ ಲೆಕ್ಕದಿಂದಲೇ ಒಂದು ಪ್ರದೇಶವನ್ನು ಹೇಗೆ ಹೊರಗಿಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆಗ ಅಧ್ಯಕ್ಷರ ಬಾಗಿಲು ತಟ್ಟಿದವರು ಅವರು. ಕಾಲು ಶತಮಾನದ ನಂತರ ಅಧ್ಯಕ್ಷರಾಗಿ ಕುಳಿತು ಸಂಸದರ ಬಾಗಿಲು ತಟ್ಟುತ್ತಿದ್ದವರೂ ಅವರೇ. ಆ ತಟ್ಟುವಿಕೆಯ ಸಾಧನ ಫೋನ್ ಆಗಿತ್ತು.

ಈ ಕರೆಗಳು ಧ್ವನಿಮುದ್ರಣಗೊಂಡದ್ದು ಡಿಕ್ಟಾಬೆಲ್ಟ್ ಎಂಬ ವಸ್ತುವಿನ ಮೇಲೆ. ಹೆಸರೇ ಹೇಳುವಂತೆ ಅದು ಟೇಪ್ ಅಲ್ಲ, ಪಟ್ಟಿ. ಸುಮಾರು ಮೂರೂವರೆ ಅಂಗುಲ ಅಗಲದ, ತುದಿಗೆ ತುದಿ ಕೂಡಿಸಿ ಬಳೆಯಂತೆ ಮಾಡಿದ ತೆಳ್ಳನೆಯ ಪ್ಲಾಸ್ಟಿಕ್ ಸುತ್ತು. ಎರಡು ಉರುಳೆಗಳ ಮೇಲೆ ಅದು ತಿರುಗುತ್ತಿದ್ದಂತೆ ಸೂಜಿಯೊಂದು ಅದರ ಮೈಮೇಲೆ ಗೀರು ಕೊರೆಯುತ್ತ ಹೋಗುತ್ತದೆ. ಒಂದು ಪಟ್ಟಿಯಲ್ಲಿ ಹಿಡಿಯುವುದು ಕಾಲು ಗಂಟೆಯಷ್ಟು ಮಾತು. ಕೊರೆದ ಗೀರನ್ನು ಅಳಿಸಿ ಅದರ ಮೇಲೆ ಮತ್ತೆ ಬರೆಯಲು ಬರುವುದಿಲ್ಲ, ಆಡಿದ ಮಾತು ಆಡಿದ ಹಾಗೇ ಉಳಿಯುತ್ತದೆ. ಬಳಸಿದ ಮೇಲೆ ಪಟ್ಟಿಯನ್ನು ಚಪ್ಪಟೆಯಾಗಿ ಮಡಿಸಿ ಇಡುತ್ತಿದ್ದರು. ವರ್ಷಗಟ್ಟಲೆ ಹಾಗೆ ಮಲಗಿದ ಪಟ್ಟಿಯಲ್ಲಿ ಮಡಿಕೆಯ ಗುರುತು ನಿಂತುಬಿಡುತ್ತದೆ, ಮತ್ತೆ ನುಡಿಸುವಾಗ ಪ್ರತಿ ಸುತ್ತಿಗೂ ಸೂಜಿ ಆ ಮಡಿಕೆಯನ್ನು ದಾಟಬೇಕಾಗುತ್ತದೆ. ಕೆಲವು ಕರೆಗಳಲ್ಲಿ ಮಾತಿನ ಹಿಂದೆ ಟಕ್, ಟಕ್ ಎಂದು ಒಂದೇ ಸಮನೆ ಕೇಳುವ ಸದ್ದು ಅಂಥ ಮಡಿಕೆಯದೇ ಇರಬೇಕೆಂದು ನನಗೆ ತೋರುತ್ತದೆ. ರಾತ್ರಿಯ ನಿಶ್ಶಬ್ದದಲ್ಲಿ ಆ ಸದ್ದು ಗೋಡೆ ಗಡಿಯಾರದಂತೆ ಕೇಳಿಸುತ್ತದೆ. ಎರಡು ಕಂತಿನಲ್ಲಿ ಕಳೆದುಹೋದ ಮಸೂದೆಯ ಕಾಲವನ್ನು ಅದೇ ಎಣಿಸುತ್ತಿದೆಯೇನೋ ಎಂದು ಒಮ್ಮೊಮ್ಮೆ ಅನ್ನಿಸಿದ್ದುಂಟು.

ಯಾವ ಕರೆಯನ್ನು ಮುದ್ರಿಸಬೇಕೆಂಬುದು ಜಾನ್ಸನ್ ಅವರ ಇಷ್ಟ. ಬೆರಳನ್ನು ಗಾಳಿಯಲ್ಲಿ ಸುತ್ತಿಸಿ ತೋರಿಸಿದರೆ ಕಾರ್ಯದರ್ಶಿ ಯಂತ್ರವನ್ನು ಚಾಲೂ ಮಾಡುತ್ತಿದ್ದರು. ಆ ಕಡೆ ಮಾತನಾಡುತ್ತಿದ್ದ ಮೇಲ್ಮನೆಯ ಸೆನೆಟರಿಗೋ ಕೆಳಮನೆಯ ಪ್ರತಿನಿಧಿಗೋ ಬಹುಮಟ್ಟಿಗೆ ಇದರ ಸುಳಿವೇ ಇರುತ್ತಿರಲಿಲ್ಲ. ಹೀಗೆ 9,000ಕ್ಕೂ ಮೀರಿದ ಕರೆಗಳು, 600ಕ್ಕೂ ಹೆಚ್ಚು ಗಂಟೆಗಳ ಮಾತು ಉಳಿದುಕೊಂಡಿದೆ. ತಾವು ತೀರಿಕೊಂಡು 50 ವರ್ಷವಾಗುವವರೆಗೆ ಇವನ್ನು ತೆರೆಯಬಾರದೆಂದು ಜಾನ್ಸನ್ ಹೇಳಿದ್ದರಂತೆ. ಅವರು ತೀರಿಕೊಂಡದ್ದು 1973ರ ಜನವರಿಯಲ್ಲಿ. ಆದರೆ ಆಸ್ಟಿನ್ ನಗರದಲ್ಲಿರುವ ಅವರ ಹೆಸರಿನ ಗ್ರಂಥಾಲಯ 1990ರ ದಶಕದಲ್ಲೇ ಅವನ್ನು ತೆರೆಯತೊಡಗಿತು. ಪ್ಲಾಸ್ಟಿಕ್ ಪಟ್ಟಿಗಳು ಅಷ್ಟು ವರ್ಷ ಬಾಳುವ ಭರವಸೆ ಯಾರಿಗೂ ಇರಲಿಲ್ಲ. ಕೇಳುವುದಕ್ಕೂ ಬರೆದುಕೊಳ್ಳುವುದಕ್ಕೂ ಇರುವ ಅಂತರ ಎಷ್ಟೆಂಬುದಕ್ಕೆ ಸಂಶೋಧಕರು ಒಂದು ಉದಾಹರಣೆ ಕೊಡುತ್ತಾರೆ: ಹೊರಗೆ ಕಾಯುತ್ತಿದ್ದ ಒಂದು ಗುಂಪನ್ನು ಜಾನ್ಸನ್ ಬೈದು ಆಡಿದ ಮಾತು, ಆ ಕಾಲದಲ್ಲೇ ಟೈಪು ಮಾಡಿದ ಕಾರ್ಯದರ್ಶಿಯ ಕಿವಿಗೆ ‘ಪಾಕಿಸ್ತಾನದ ರಾಯಭಾರಿ’ ಎಂದು ಕೇಳಿಸಿತ್ತು. ಆದ್ದರಿಂದ ಪಠ್ಯವನ್ನು ಎದುರಿಗಿಟ್ಟುಕೊಂಡರೂ ನಾನು ನಂಬುವುದು ದನಿಯನ್ನು.

ಆ ದನಿ ಅಪಲೇಚಿಯಾದ ಬಗ್ಗೆ ಏನು ಹೇಳುತ್ತದೆ ಎಂದು ಕೇಳಲು ಕುಳಿತಾಗ ನನ್ನ ಕಣ್ಣ ಮುಂದೆ ಇದ್ದದ್ದು ಒಂದು ಛಾಯಾಚಿತ್ರ. 1964ರ ಏಪ್ರಿಲ್ 24ರಂದು ಜಾನ್ಸನ್ ಹೆಲಿಕಾಪ್ಟರಿನಲ್ಲಿ ಕೆಂಟಕಿಯ ಮಾರ್ಟಿನ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಘಟಕ) ಇನೆಜ್ ಎಂಬ ಸಣ್ಣ ಊರಿನ ಬಳಿ ಇಳಿದು, ಕೆಲಸ ಕಳೆದುಕೊಂಡಿದ್ದ ಒಬ್ಬ ಗೃಹಸ್ಥನ ಮನೆಗೆ ಹೋದರು. ಎಂಟು ಮಕ್ಕಳ ತಂದೆಯಾದ ಆತನ ಹಿಂದಿನ ವರ್ಷದ ದುಡಿಮೆ ಒಟ್ಟು 400 ಡಾಲರ್ ಎಂದು ಆಗಿನ ಪತ್ರಿಕೆಗಳು ಬರೆದವು. ಒರಟು ಹಲಗೆಗಳ ಜಗಲಿಯಲ್ಲಿ ಅಧ್ಯಕ್ಷರು ಕುಕ್ಕರಗಾಲಿನಲ್ಲಿ ಕುಳಿತು ಮಾತನಾಡುತ್ತಿದ್ದಾರೆ, ಮಕ್ಕಳು ಗೋಡೆಗೆ ಒರಗಿ ನೋಡುತ್ತಿದ್ದಾರೆ. ಜಾನ್ಸನ್ ಸಾರಿದ್ದ ಬಡತನದ ವಿರುದ್ಧದ ಸಮರದ ಗುರುತಿನ ಚಿತ್ರವಾಗಿ ಅದು ಲೋಕಕ್ಕೆಲ್ಲ ಹಬ್ಬಿತು. ನಾಲ್ಕು ದಿನಗಳ ನಂತರ ಮಸೂದೆ ಸಂಸತ್ತಿಗೆ ಹೋಯಿತು. ಆ ಜಗಲಿಯ ಮಾತು ಫೋನಿನಲ್ಲೂ ಬರುತ್ತದೆ, ನಾನು ಅಲ್ಲಿಗೆ ಹೋಗಿದ್ದೆ, ಆ ಮಕ್ಕಳನ್ನು ನೋಡಿದೆ, ನೀವು ಇದಕ್ಕೆ ಓಟು ಹಾಕಲೇಬೇಕು ಎಂದು ಅವರು ಸಂಸದರಿಗೆ ಹೇಳುತ್ತಾರೆ ಎಂದು ನಾನು ಎದುರು ನೋಡುತ್ತಿದ್ದೆ.

ನಾನು ಕೇಳಿದ ಕರೆಗಳಲ್ಲಿ ಜಗಲಿ ಬರುವುದು ಅಪರೂಪ. ಬರುವುದು ಎಣಿಕೆ.

ಸಂಸತ್ತಿನ ಪ್ರತಿನಿಧಿ ಸಭೆಯಲ್ಲಿ 435 ಸ್ಥಾನ, ಎಲ್ಲರೂ ಹಾಜರಿದ್ದರೆ ಗೆಲ್ಲಲು 218 ಬೇಕು. ಸ್ಪೀಕರ್ ಜಾನ್ ಮೆಕಾರ್ಮಕ್, ಬಹುಮತದ ನಾಯಕ ಕಾರ್ಲ್ ಆಲ್ಬರ್ಟ್ ಇಂಥವರೊಡನೆ ಮಾತನಾಡುವಾಗ, ಸಂಸತ್ತಿನೊಂದಿಗಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ತಮ್ಮ ಸಹಾಯಕ ಲ್ಯಾರಿ ಓಬ್ರಿಯನ್ ಅವರಿಂದ ವರದಿ ಕೇಳುವಾಗ, ಅಪಲೇಚಿಯಾ ಎಂಬ ಹೆಸರು ಒಂದು ಪ್ರದೇಶದ ಹೆಸರಾಗಿ ಉಳಿಯುವುದಿಲ್ಲ. ಮೆಡಿಕೇರ್ ಎಂಬ ವೃದ್ಧರ ಆರೋಗ್ಯ ವಿಮೆ, ಆಹಾರ ಚೀಟಿ, ತೆರಿಗೆ ಎಂಬ ಇತರ ಹೆಸರುಗಳ ಸಾಲಿನಲ್ಲಿ ಅದೂ ಒಂದಾಗುತ್ತದೆ. ಯಾರು ಖಚಿತ, ಯಾರು ನಮ್ಮ ಕಡೆ ವಾಲಿದ್ದಾರೆ, ಯಾರು ಅನುಮಾನ, ಯಾರು ವಿರೋಧ. ಯಾವ ರಾಜ್ಯದ ಗುಂಪು ಯಾರ ಮಾತು ಕೇಳುತ್ತದೆ. ಈ ವಾರ ಸದನಕ್ಕೆ ತರಬೇಕೇ, ಮುಂದಿನ ವಾರಕ್ಕೆ ಇಡಬೇಕೇ. ಸೋತರೆ ಚುನಾವಣೆಯ ಹೊತ್ತಿನಲ್ಲಿ ಏನಾಗುತ್ತದೆ. ಬಾಯಿಲೆಕ್ಕದಲ್ಲಿ ಪಳಗಿದ ಹಳೆಯ ಕಿರಾಣಿ ವ್ಯಾಪಾರಿಯಂತೆ ಜಾನ್ಸನ್ ಹೆಸರುಗಳನ್ನು ತಲೆಯಲ್ಲೇ ಕೂಡಿ ಕಳೆಯುತ್ತಾರೆ. ಮುಂಚೆ ಆರು ವರ್ಷ ಸೆನೆಟ್ಟಿನ ಬಹುಮತದ ನಾಯಕರಾಗಿದ್ದವರಿಗೆ ಅದು ಉಸಿರಾಟದಷ್ಟು ಸಹಜವಾಗಿತ್ತು.

1964ರಲ್ಲಿ ಆ ಲೆಕ್ಕ ಕೂಡಲಿಲ್ಲ. ಸೆನೆಟ್ ಸೆಪ್ಟೆಂಬರಿನಲ್ಲಿ ಮಸೂದೆಯನ್ನು ಒಪ್ಪಿತು. ಪ್ರತಿನಿಧಿ ಸಭೆಯಲ್ಲಿ ಮಾತ್ರ ಗೆಲ್ಲುವಷ್ಟು ಓಟು ಕೈಯಲ್ಲಿವೆ ಎಂದು ಎದೆ ತಟ್ಟಿ ಹೇಳುವವರು ಯಾರೂ ಇರಲಿಲ್ಲ. ಸೋಲುವ ಮಸೂದೆಯನ್ನು ಸದನಕ್ಕೆ ತರುವುದಕ್ಕಿಂತ ತರದೆ ಇರುವುದೇ ಮೇಲೆಂದು ನಾಯಕರು ಬಗೆದರು. ಚುನಾವಣೆ ಎದುರಿಗಿತ್ತು, ಸದಸ್ಯರಿಗೆ ತಮ್ಮ ತಮ್ಮ ಕ್ಷೇತ್ರಗಳಿಗೆ ಹೊರಡುವ ಅವಸರವಿತ್ತು. ಅಕ್ಟೋಬರ್ 3ರಂದು ಸಂಸತ್ತು ಮುಂದೂಡಲ್ಪಟ್ಟಿತು, ಮಸೂದೆ ಪ್ರತಿನಿಧಿ ಸಭೆಯಲ್ಲಿ ಓಟಿನ ಮುಖ ಕಾಣದೆಯೇ ಸತ್ತುಹೋಯಿತು. ಅದೇ ವರ್ಷ ಆಗಸ್ಟಿನಲ್ಲಿ ಬಡತನ ನಿವಾರಣೆಯ ದೊಡ್ಡ ಕಾನೂನು 226–185 ಓಟುಗಳಿಂದ ಪ್ರತಿನಿಧಿ ಸಭೆಯನ್ನು ದಾಟಿತ್ತು. ಅದಕ್ಕೆ ತೆತ್ತ ಬೆಲೆಗಳಲ್ಲಿ ಒಂದು, ಆ ಯೋಜನೆಯನ್ನು ರೂಪಿಸುವುದರಲ್ಲಿ ದುಡಿದಿದ್ದ ಆಡಮ್ ಯಾರ್ಮೊಲಿನ್ಸ್ಕಿ ಎಂಬ ಅಧಿಕಾರಿಗೆ ಅದರಲ್ಲಿ ಯಾವ ಹುದ್ದೆಯನ್ನೂ ಕೊಡುವುದಿಲ್ಲವೆಂದು ದಕ್ಷಿಣದ ಸದಸ್ಯರಿಗೆ ಕೊಟ್ಟ ಮಾತು. ಕೆಲವು ಓಟುಗಳಿಗಾಗಿ ಒಬ್ಬ ಸಮರ್ಥ ಮನುಷ್ಯನನ್ನು ಬಿಟ್ಟುಕೊಡಲಾಯಿತು. ಓದಿದಾಗ ಇದು ಇತಿಹಾಸದ ಒಂದು ಸಾಲು. ಆ ಕಾಲದ ಕರೆಗಳನ್ನು ಕೇಳುತ್ತ ಬಂದವರಿಗೆ, ಅಂಥ ತೀರ್ಮಾನಗಳು ಎಷ್ಟು ಸಲೀಸಾಗಿ, ಎಷ್ಟು ಬೇಗ ಆಗಿಬಿಡುತ್ತವೆ ಎಂಬುದು ಮನಸ್ಸಿಗೆ ನಾಟುತ್ತದೆ.

ಮೊದಮೊದಲು ನನಗೆ ಬೇಸರವಾಯಿತು ಎಂಬುದನ್ನು ಮರೆಮಾಚುವುದಿಲ್ಲ. ಒಂದು ಇಡೀ ಪ್ರದೇಶದ ಹಸಿವು ಹೀಗೆ ಓಟಿನ ಪಟ್ಟಿಯಾಗಿ ಬಿಡುವುದನ್ನು ಕೇಳುತ್ತ, ಆ ಜಗಲಿಯ ಚಿತ್ರ ಬರೀ ತೋರಿಕೆಯೇ ಆಗಿತ್ತೇ ಎಂಬ ಸಂಶಯ ಮೂಡಿತು. ಒಂದೆರಡು ವಾರ ಕೇಳುವುದನ್ನೇ ಬಿಟ್ಟಿದ್ದೆ. ಮತ್ತೆ ಕುಳಿತಾಗ ಕಿವಿ ಬೇರೆ ರೀತಿಯಲ್ಲಿ ತೆರೆದುಕೊಂಡಿತು. ಜಗಲಿಯಲ್ಲಿ ಕುಳಿತು ಮರುಗುವುದಕ್ಕೆ ಅಧ್ಯಕ್ಷರೇ ಬೇಕಾಗಿರಲಿಲ್ಲ. ಪಾದ್ರಿಗಳು, ಪತ್ರಕರ್ತರು, ವಿದ್ಯಾರ್ಥಿಗಳು ಆ ಕೆಲಸವನ್ನು ಮಾಡುತ್ತಿದ್ದರು. ಅಧ್ಯಕ್ಷರಿಂದ ಮಾತ್ರ ಆಗಬಹುದಾಗಿದ್ದ ಕೆಲಸವೆಂದರೆ, ಆ ಬೆಟ್ಟಗಳನ್ನು ಎಂದೂ ನೋಡದ, ನೋಡುವ ಗರಜೂ ಇಲ್ಲದ ಯಾವುದೋ ರಾಜ್ಯದ ಸದಸ್ಯನನ್ನು ಹಿಡಿದು ನಿಲ್ಲಿಸಿ ಓಟು ಕೇಳುವುದು. ಮರುಕವು ರಸ್ತೆಯಾಗಿ, ಆಸ್ಪತ್ರೆಯಾಗಿ ಆ ಕಣಿವೆಗೆ ಇಳಿಯಬೇಕಾದರೆ ಎಲ್ಲೋ ಒಂದು ಕಡೆ ಅದು ಅಂಕಿಯಾಗಲೇಬೇಕು. ಆ ಬೇಸರ ಹುಟ್ಟಿಸುವ ಕೆಲಸವನ್ನು ದಿನಕ್ಕೆ ಹತ್ತಾರು ಕರೆಗಳಂತೆ, ತಿಂಗಳುಗಟ್ಟಲೆ, ದಣಿವಿಲ್ಲದೆ ಮಾಡಿದ ಮನುಷ್ಯನ ಬಗ್ಗೆ ನನ್ನಲ್ಲಿ ಗೌರವ ಮೂಡಿತು. ಅದು ಇನ್ನೂ ಹಾಗೇ ಇದೆ.

ಆದರೆ ಎಣಿಕೆ ಮಸೂದೆಯನ್ನು ಗೆಲ್ಲಿಸುವುದಷ್ಟೇ ಅಲ್ಲ, ಅದರ ಮೈಯನ್ನೂ ತಿದ್ದುತ್ತದೆ. ಬೆಟ್ಟದ ಇಳಿಜಾರುಗಳನ್ನು ಹುಲ್ಲುಗಾವಲಾಗಿ ಮಾಡಿ ದನ ಸಾಕಲು ಅಲ್ಲಿನ ರೈತರಿಗೆ ನೆರವು ಕೊಡುವ ಭಾಗವೊಂದು ಮೂಲ ಕರಡಿನಲ್ಲಿತ್ತು. ದನದ ಮಾಂಸದ ಬೆಲೆ ಕುಸಿದು ಕಂಗಾಲಾಗಿದ್ದ ಪಶ್ಚಿಮದ ರಾಜ್ಯಗಳ ಪ್ರತಿನಿಧಿಗಳು ಅದನ್ನು ಕಂಡು ಸಿಡಿದೆದ್ದರು, ಆ ಭಾಗ ಮೊಟಕಾಯಿತು. ನಮಗೇಕಿಲ್ಲ ಎಂದು ಕೇಳಿದ ಇತರ ಪ್ರದೇಶಗಳ ಸೆನೆಟರುಗಳಿಗೆ, ನಿಮಗೂ ಬರುತ್ತದೆ ಎಂಬ ಭರವಸೆ ಕೊಡಬೇಕಾಯಿತು. 1965ರ ಆಗಸ್ಟಿನಲ್ಲಿ ಬಂದ ಇನ್ನೊಂದು ಕಾನೂನು ಬೇರೆ ಪ್ರದೇಶಗಳಿಗೂ ಇಂಥ ಆಯೋಗಗಳನ್ನು ರಚಿಸಲು ದಾರಿ ಮಾಡಿತು. ನ್ಯೂಯಾರ್ಕಿನಿಂದ ಆಗಷ್ಟೇ ಸೆನೆಟ್ಟಿಗೆ ಬಂದಿದ್ದ ರಾಬರ್ಟ್ ಕೆನಡಿ ತಮ್ಮ ರಾಜ್ಯದ ದಕ್ಷಿಣ ಅಂಚಿನ ಕೌಂಟಿಗಳನ್ನೂ ಅಪಲೇಚಿಯಾದೊಳಗೆ ಸೇರಿಸಲು ತಿದ್ದುಪಡಿ ತಂದರು. 1967ರಲ್ಲಿ ಮಿಸಿಸಿಪ್ಪಿಯ ಭಾಗವೂ ಸೇರಿತು. ಈಗ ನ್ಯೂಯಾರ್ಕಿನಿಂದ ಮಿಸಿಸಿಪ್ಪಿಯವರೆಗೆ 13 ರಾಜ್ಯಗಳ 423 ಕೌಂಟಿಗಳು ಆ ಕಾನೂನಿನಡಿ ರಚನೆಯಾದ ಆಯೋಗದ ಲೆಕ್ಕದಲ್ಲಿ ಅಪಲೇಚಿಯಾ. ಬೆಟ್ಟ ಎಲ್ಲಿ ಮುಗಿಯುತ್ತದೆ ಎಂಬುದನ್ನು ಭೂಗೋಳದ ಜೊತೆಗೆ ಓಟಿನ ಪಟ್ಟಿಯೂ ತೀರ್ಮಾನಿಸಿತು.

ಹಣದ ಹಂಚಿಕೆಯಲ್ಲೂ ಅದೇ ಗುರುತು ಕಾಣುತ್ತದೆ. ಕಾನೂನು ಒದಗಿಸಿದ ಸುಮಾರು 109 ಕೋಟಿ ಡಾಲರುಗಳಲ್ಲಿ 84 ಕೋಟಿ ರಸ್ತೆಗಳಿಗೇ ಹೋಯಿತು, ಅಂದರೆ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು. ರಸ್ತೆ ಬೇಡವಾಗಿತ್ತು ಎನ್ನಲು ನನಗೆ ಬಾಯಿ ಬಾರದು. ಮಳೆಗಾಲದಲ್ಲಿ ಹೆರಿಗೆಗೆಂದು ಎತ್ತಿನ ಗಾಡಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೊರಟವರ ಕಥೆ ನಮ್ಮ ಮನೆಯಲ್ಲೇ ಇದೆ. ಬೆಟ್ಟ ಬಳಸಿ ಸಾಗುವ ಹಾದಿಗಳಲ್ಲಿ ಲಾರಿ ತಿರುಗಲಾರದ ಕಡೆ ಕಾರ್ಖಾನೆ ಬರುವುದಿಲ್ಲವೆಂಬ ಆಯೋಗದ ವಾದವೂ ಪೊಳ್ಳಲ್ಲ. ಆದರೂ ರಸ್ತೆಗೆ ಇನ್ನೊಂದು ಗುಣವಿದೆ. ಅದು ಹಲವು ರಾಜ್ಯಗಳ ಹಲವು ಕ್ಷೇತ್ರಗಳನ್ನು ಮುಟ್ಟುತ್ತದೆ, ಪ್ರತಿ ಕ್ಷೇತ್ರದ ಪ್ರತಿನಿಧಿಯೂ ತನ್ನ ಪಾಲಿನ ಮೈಲಿಗಳನ್ನು ಎಣಿಸಿಕೊಳ್ಳಬಹುದು, ಯಾರ ಆಸ್ತಿಯನ್ನೂ ಪ್ರಶ್ನಿಸದೆ ಅದನ್ನು ಕಟ್ಟಬಹುದು. ಅಪಲೇಚಿಯಾದ ನೆಲದಡಿಯ ಕಲ್ಲಿದ್ದಲಿನ ಬಹುಭಾಗ ಹೊರಗಿನ ಕಂಪನಿಗಳ ಒಡೆತನದಲ್ಲಿತ್ತು. ಆ ಸಂಪತ್ತು ಆ ಜನರಿಗೆ ಏಕೆ ದಕ್ಕಲಿಲ್ಲ ಎಂಬ ಪ್ರಶ್ನೆಗೆ ಆ ಕಾನೂನಿನಲ್ಲಿ ಜಾಗವಿರಲಿಲ್ಲ. ಅಂಥ ಪ್ರಶ್ನೆಗೆ 218 ಓಟು ಎಲ್ಲಿಂದ ಬರಬೇಕಿತ್ತು? ನಾನು ಕೇಳಿದ ಯಾವ ಕರೆಯಲ್ಲೂ ಅದು ಬರಲಿಲ್ಲ. ಎಣಿಕೆಗೆ ಸಿಗದ್ದು ಮಾತಿಗೂ ಸಿಗುವುದಿಲ್ಲ.

1964ರ ನವೆಂಬರಿನ ಚುನಾವಣೆ ಎಲ್ಲವನ್ನೂ ಬದಲಿಸಿತು. ಜಾನ್ಸನ್ ಭಾರಿ ಬಹುಮತದಿಂದ ಗೆದ್ದರು, ಪ್ರತಿನಿಧಿ ಸಭೆಯಲ್ಲಿ ಅವರ ಪಕ್ಷದ ಬಲ 295ಕ್ಕೆ ಏರಿತು. ಹೊಸ ಸಂಸತ್ತಿನ ಸೆನೆಟ್ಟಿನಲ್ಲಿ ವೆಸ್ಟ್ ವರ್ಜೀನಿಯಾದ ಜೆನಿಂಗ್ಸ್ ರ‍್ಯಾಂಡಾಲ್ಫ್ ಮಸೂದೆಯ ಮುಂದಾಳಾಗಿ ನಿಂತರು. ಫೆಬ್ರವರಿ 1ರಂದು ಸೆನೆಟ್ 62–22ರಿಂದ, ಮಾರ್ಚ್ 3ರಂದು ಪ್ರತಿನಿಧಿ ಸಭೆ 257–165ರಿಂದ ಅದನ್ನು ಒಪ್ಪಿದವು. ಐದು ತಿಂಗಳ ಹಿಂದೆ ಓಟಿಗೇ ಬಾರದ ಮಸೂದೆ 92 ಓಟುಗಳ ಅಂತರದಿಂದ ಗೆದ್ದಿತು. ಆ ಐದು ತಿಂಗಳಲ್ಲಿ ಬೆಟ್ಟದ ಬಡತನ ಹೆಚ್ಚಾಗಿರಲಿಲ್ಲ, ಸದನದಲ್ಲಿ ಕುಳಿತವರು ಬದಲಾಗಿದ್ದರು.

ಮಾರ್ಚ್ 9ರಂದು ಶ್ವೇತಭವನದ ಗುಲಾಬಿ ತೋಟದಲ್ಲಿ ಸಹಿ ಹಾಕುತ್ತ ಜಾನ್ಸನ್, ಭಿಕ್ಷೆಯ ಕಾಲ ಮುಗಿಯಿತು, ಕ್ಷೇತ್ರಕ್ಕಿಷ್ಟು ಎಂದು ಬೊಕ್ಕಸದ ಹಣ ಬಾಚುವ ಕಾಲವೂ ಹೋಯಿತು, ಈ ದೇಶದ ಜನರಿಗೆ ಮುಂದಿನ ಚುನಾವಣೆಗಿಂತ ಮುಂದಿನ ತಲೆಮಾರು ಮುಖ್ಯವಾಗಿದೆ ಎಂಬರ್ಥದ ಮಾತುಗಳನ್ನಾಡಿದರು. ತಿಂಗಳುಗಟ್ಟಲೆ ಫೋನಿನ ದನಿಯನ್ನು ಕೇಳಿದ ಕಿವಿಗೆ ವೇದಿಕೆಯ ಈ ಮಾತು ಬೇರೆಯೇ ಆಗಿ ಕೇಳುತ್ತದೆ. ಅವರು ಸುಳ್ಳು ಹೇಳುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ಬೆಟ್ಟ ಸೀಮೆಗೆ ಬೆಳಕು ತಂದ ಆ ಯುವಕ ಆ ಕ್ಷಣ ಅವರೊಳಗೆ ಇದ್ದಿರಲೇಬೇಕು. ಆದರೆ ಫೋನಿನ ಮನುಷ್ಯನನ್ನು ಬಿಟ್ಟು ವೇದಿಕೆಯ ಮನುಷ್ಯನನ್ನಷ್ಟೇ ನಂಬಿದ್ದರೆ ನನಗೆ ಆ ಕಾನೂನು ಅರ್ಥವೇ ಆಗುತ್ತಿರಲಿಲ್ಲ.

ಆ ವಾರದ ಬಗ್ಗೆ ಇನ್ನೊಂದು ಮಾತು. ಸಹಿ ಬೀಳುವ ಎರಡು ದಿನ ಮುಂಚೆ, ಭಾನುವಾರ, ಅಲಬಾಮಾದ ಸೆಲ್ಮಾದಲ್ಲಿ ಮತದಾನದ ಹಕ್ಕಿಗಾಗಿ ನಡೆಯುತ್ತಿದ್ದ ಕಪ್ಪು ಜನರ ಮೇಲೆ ಪೊಲೀಸರು ಸೇತುವೆಯ ಮೇಲೆ ಲಾಠಿ ಬೀಸಿದ್ದರು. ಮರುದಿನ ವಿಯೆಟ್ನಾಮಿನ ಡಾ ನಾಂಗ್ ತೀರದಲ್ಲಿ ಅಮೆರಿಕದ ನೌಕಾ ಪದಾತಿ ಪಡೆ ಇಳಿಯಿತು. ಆ ಪಡೆಯನ್ನು ಕಳುಹಿಸುವ ಬಗ್ಗೆ ಜಾನ್ಸನ್ ತಮ್ಮ ಹಳೆಯ ಗುರು, ಜಾರ್ಜಿಯಾದ ಸೆನೆಟರ್ ರಿಚರ್ಡ್ ರಸೆಲ್ ಅವರೊಡನೆ ಮಾರ್ಚ್ 6ರಂದು ಆಡಿದ ಮಾತು ಮುದ್ರಣವಾಗಿ ಉಳಿದಿದೆ. ಅಪಲೇಚಿಯಾದ ಓಟುಗಳನ್ನು ಎಣಿಸಿದ ಅದೇ ದನಿ ಅಲ್ಲಿ ಭಾರವಾಗಿ, ದಾರಿ ಕಾಣದೆ ಮಾತನಾಡುತ್ತದೆ. ಬೆಟ್ಟದ ಕೌಂಟಿಗಳಿಗೆಂದು ತೆಗೆದಿಟ್ಟ ಡಾಲರುಗಳೂ ಗಮನವೂ ಮುಂದೆ ಯಾವುದರ ಜೊತೆ ಪೈಪೋಟಿ ನಡೆಸಬೇಕಾಯಿತು ಎಂಬುದನ್ನು ಆ ಎರಡು ಬಗೆಯ ಕರೆಗಳನ್ನು ಒಂದರ ನಂತರ ಒಂದು ಕೇಳಿದಾಗ ಯಾರೂ ವಿವರಿಸಬೇಕಾಗುವುದಿಲ್ಲ.

ನಮ್ಮ ಕಡೆಗೆ ಬಂದರೆ, ಪ್ರೊ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳು ಹಿಂದುಳಿದವೆಂದು ಗುರುತಾದವು. ಅತ್ಯಂತ ಹಿಂದುಳಿದ 39ರ ಪಟ್ಟಿಯಲ್ಲಿ ನಮ್ಮ ದೇವದುರ್ಗವೂ ಇತ್ತು. ಹೈದರಾಬಾದ್-ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಗಾಗಿ ನಮ್ಮ ಭಾಗದ ಜನ ವರ್ಷಗಟ್ಟಲೆ ಧರಣಿ ಕೂತರು, ಬಂದ್ ಮಾಡಿದರು, ದೆಹಲಿಗೆ ನಿಯೋಗ ಹೋದರು. ಒಮ್ಮೆ ಆಗದೆಂದ ದೆಹಲಿ, 2012ರ ಡಿಸೆಂಬರಿನಲ್ಲಿ ತಿದ್ದುಪಡಿಯನ್ನು ಸಂಸತ್ತಿನಲ್ಲಿ ಒಪ್ಪಿತು. ಆ ನಡುವಿನ ಅವಧಿಯಲ್ಲಿ ಯಾರು ಯಾರಿಗೆ ಫೋನ್ ಮಾಡಿದರು, ಯಾವ ರಾಜ್ಯದ ಸಂಸದರು ನಮಗೇಕಿಲ್ಲ ಎಂದು ಕೇಳಿದರು, ಅವರಿಗೆ ಏನು ಮಾತು ಕೊಡಲಾಯಿತು, ಕರಡಿನಿಂದ ಯಾವ ಸಾಲು ಕಡಿದುಹೋಯಿತು ಎಂಬುದರ ದನಿ ನಮಗೆ ಉಳಿದಿಲ್ಲ. ಉಳಿದಿರುವುದು ಗೆಜೆಟ್ಟಿನ ಪಠ್ಯ, ಸದನದ ಭಾಷಣಗಳು, ಸನ್ಮಾನ ಸಮಾರಂಭದ ಫೋಟೋಗಳು. ಪರರಿಗೆ ತಿಳಿಯದಂತೆ ಅವರ ಮಾತನ್ನು ಮುದ್ರಿಸಿಕೊಳ್ಳುವುದು ಸರಿಯೆಂದು ನಾನು ವಾದಿಸಲಾರೆ. ಜಾನ್ಸನ್ ಮಾಡಿದ್ದು ಆ ಸಂಸದರ ವಿಶ್ವಾಸಕ್ಕೆ ಬಗೆದ ದ್ರೋಹವೇ. ಆದರೂ ಆ ದ್ರೋಹದಿಂದಾಗಿಯೇ, ಕೆಂಟಕಿಯ ಒಬ್ಬ ಮೊಮ್ಮಗಳು ತನ್ನ ಊರಿನ ರಸ್ತೆ ಹೇಗೆ ಬಂತೆಂದು ಇಂದು ಕೇಳಿ ತಿಳಿಯಬಹುದು, ನನಗೆ ನನ್ನ ಊರಿನದು ಗೊತ್ತಾಗುವುದಿಲ್ಲ ಎಂಬ ಕೊರಗು ನನ್ನನ್ನು ಬಿಡುವುದಿಲ್ಲ.

ಕೊನೆಗೂ ಈ ಕರೆಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಅವುಗಳಲ್ಲಿ ಇಲ್ಲದ ದನಿ. ಓಟಿಗಾಗಿ ಮಾಡಿದ ಈ ಕರೆಗಳಲ್ಲಿ ಸೆನೆಟರು ಇದ್ದಾರೆ, ಸ್ಪೀಕರ್ ಇದ್ದಾರೆ, ಸಹಾಯಕರು ಇದ್ದಾರೆ. ಬೆಟ್ಟದವರು ಒಬ್ಬರೂ ಇಲ್ಲ. ಜಗಲಿಯ ಆ ಗೃಹಸ್ಥನಾಗಲಿ, ಗಣಿಯಿಂದ ಹೊರಬಿದ್ದವರಾಗಲಿ, ಗುಳೆ ಹೊರಟವರಾಗಲಿ ತಂತಿಯ ಆ ತುದಿಯಲ್ಲಿ ಎಂದೂ ಬರುವುದಿಲ್ಲ. ಅವರ ಬಗ್ಗೆ, ಅವರ ಹೆಸರಿನಲ್ಲಿ, ಅವರಿಲ್ಲದೆ ಮಾತು ಸಾಗುತ್ತದೆ. ನಮ್ಮೂರಿನ ಬಗ್ಗೆಯೂ ಎಲ್ಲೋ ಒಂದು ಕೋಣೆಯಲ್ಲಿ ಹೀಗೆಯೇ ಮಾತಾಗಿರಬೇಕು, ನಮ್ಮ ತಾಲ್ಲೂಕಿನ ಹೆಸರೂ ಯಾರದೋ ಪಟ್ಟಿಯಲ್ಲಿ ಖಚಿತ ಮತ್ತು ಅನುಮಾನಗಳ ನಡುವೆ ಓಡಾಡಿರಬೇಕು ಎಂದುಕೊಳ್ಳುತ್ತ ಕೇಳುತ್ತೇನೆ.

ನಿನ್ನೆ ರಾತ್ರಿ ಕೇಳಿದ ಕರೆಯ ಕೊನೆಯಲ್ಲಿ, ಮಾತು ಮುಗಿದ ಮೇಲೂ ಪಟ್ಟಿ ಕೆಲವು ಕ್ಷಣ ತಿರುಗುತ್ತಲೇ ಇತ್ತು. ಟಕ್, ಟಕ್ ಎಂಬ ಮಡಿಕೆಯ ಸದ್ದು. ಕಾಗದ ಸರಿಸಿದಂತೆ ಏನೋ ಸರಸರ. ಆಮೇಲೆ ಆಪರೇಟರ್ ಹೆಂಗಸಿನ ದನಿ, ಮುಂದಿನವರು ಲೈನಿಗೆ ಬರುತ್ತಿದ್ದಾರೆಂದು ತಿಳಿಸಿತು.